ಕಂದಕದ ಮೂಲೆಯ ಜಾಗ

ಮತ್ಸುಮೊತೊ ಊರಿನ ಕರಿ ಕೋಟೆಯ ಕಂದಕದ ದಡದಲ್ಲಿ, ಕೆಂಪು ಸೇತುವೆಯಿಂದ ಹಿಡಿದು ಪೈನ್ ಮರದ ತನಕ, ಬೆಳಿಗ್ಗೆ ಆರೂವರೆಗೆಲ್ಲ ಆರು ಮಂದಿ ಕ್ಯಾಮೆರಾ ಹೂಡಿ ನಿಂತಿರುತ್ತಿದ್ದರು. ಎಲ್ಲರೂ ಕೆಲಸದಿಂದ ನಿವೃತ್ತರಾದವರು. ಸೇತುವೆ ಪಕ್ಕದ ಮೊದಲ ಜಾಗ ಎಲ್ಲರಿಗಿಂತ ಹಳಬರದು, ಪೈನ್ ಮರದ ಕೆಳಗಿನ ಆರನೆಯದು ಕೊನೆಗೆ ಬಂದವರದು. ನಡುವೆ ಯಾರಾದರೂ ಬಿಟ್ಟುಹೋದರೆ ಅವರ ಹಿಂದಿದ್ದವರೆಲ್ಲ ಒಂದೊಂದು ಜಾಗ ಮುಂದಕ್ಕೆ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬರೆದಿಟ್ಟ ಕಾನೂನನ್ನಾದರೂ ಜನ ಮುರಿದಾರು, ಇದನ್ನು ಮುರಿದವರಿಲ್ಲ.

ಆರನೆಯ ಜಾಗ ಏಳು ವರ್ಷದಿಂದ ಹಿಸಾನೊ ಮೊಮೊಸೆಯದು. ಅರವತ್ತೊಂಬತ್ತರ ಹೆಂಗಸು. ಮೂವತ್ತು ವರ್ಷ ಲಾಂಡ್ರಿಯಲ್ಲಿ ಹೋಟೆಲುಗಳ ಬಿಳಿ ಹೊದಿಕೆಗಳಿಗೆ ಇಸ್ತ್ರಿ ಹಾಕಿ, ಕೊನೆಗೆ ಒಂದು ಹಳೆಯ ಕ್ಯಾಮೆರಾ ಕೊಂಡು ಇಲ್ಲಿಗೆ ಬಂದವಳು. ಅವಳ ಮೂಲೆಯಿಂದ ಕೋಟೆಯೇ ಕಾಣುತ್ತಿರಲಿಲ್ಲ. ಪೈನ್ ಮರದ ಕೊಂಬೆ ಅಡ್ಡ. ಕಾಣುವುದೆಲ್ಲ ನೀರಿನಲ್ಲಿ ಬಿದ್ದ ಕೋಟೆಯ ಪ್ರತಿಬಿಂಬ ಮಾತ್ರ. "ಪಾಪ, ಮೊಮೊಸೆ ಸಾನ್‌ಗೆ ಕೋಟೆ ನೋಡೋ ಭಾಗ್ಯ ಯಾವಾಗ ಬರುತ್ತೋ" ಎಂದು ಉಳಿದವರು, ಹೆಸರಿಗೆ ಗೌರವದ 'ಸಾನ್' ಸೇರಿಸಿಯೇ, ಮರುಗುತ್ತಿದ್ದರು.

ಮರುಗಲಿ ಬಿಡಿ, ಅವರಿಗೇನು ಗೊತ್ತು. ನವೆಂಬರ್ ಕೊನೆಯಿಂದ ಕಂದಕ ಹೆಪ್ಪುಗಟ್ಟುವ ತನಕ, ಬೆಳಿಗ್ಗೆ ಏಳೂಕಾಲಿಗೆ ಪೂರ್ವದ ಬೆಟ್ಟ ದಾಟಿ ಬಿಸಿಲು ಬೀಳುತ್ತದೆ. ಗಾಳಿ ಏಳುವುದಕ್ಕೆ ಇನ್ನೂ ಹತ್ತು ನಿಮಿಷವಿರುತ್ತದೆ. ಆ ಹತ್ತು ನಿಮಿಷ ಕೋಟೆಯ ಒಂದರ ಮೇಲೊಂದಿರುವ ಐದೂ ಸೂರುಗಳು ತಲೆಕೆಳಗಾಗಿ ನೀರಿನಲ್ಲಿ ಮಲಗಿರುತ್ತವೆ, ಆಗಷ್ಟೇ ಇಸ್ತ್ರಿ ಹಾಕಿ ಹಾಸಿದ ಬಟ್ಟೆಯಂತೆ, ಒಂದು ಸುಕ್ಕಿಲ್ಲದೆ. ಎಲ್ಲಕ್ಕಿಂತ ಮೇಲಿನ ಸೂರಿನ ತುದಿ ಹಿಸಾನೊಳ ಕಾಲಬುಡದ ಹತ್ತಿರಕ್ಕೇ ಬರುತ್ತದೆ. ಅದರ ಮೇಲೆ ಬಾಗಿದ ಒಂದು ಒಣ ರೆಂಬೆಗೆ ಮಿಂಚುಳ್ಳಿ ಬಂದು ಕೂರುತ್ತದೆ. ಅದು ಕೆಳಗೆ ಧುಮುಕಿದಾಗ ನೀರಿನೊಳಗಿಂದ ಇನ್ನೊಂದು ಮಿಂಚುಳ್ಳಿ ಮೇಲಕ್ಕೆ ಹಾರಿ ಬರುತ್ತದೆ, ಎರಡೂ ಕೊಕ್ಕಿಗೆ ಕೊಕ್ಕು ತಾಗಿಸುತ್ತವೆ. ಆ ತಾಗುವುದು ಸರಿಯಾಗಿ ಸೂರಿನ ತುದಿಯಲ್ಲೇ ಆಗಬೇಕು, ನೀರು ಇನ್ನೂ ಒಡೆದಿರಬಾರದು, ಅದೊಂದು ಚಿತ್ರ ತನಗೆ ಸಿಗಬೇಕು. ಹಿಸಾನೊಗೆ ಬದುಕಿನಲ್ಲಿ ಬೇರೇನೂ ಬೇಕಿರಲಿಲ್ಲ. ಮೂರು ಸಲ ಕಣ್ಣಿಗೆ ಬಿದ್ದಿತ್ತು, ಮೂರು ಸಲವೂ ಬೆರಳು ತಡವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಐದೂ ಜನ ಹೊಗಳಲು ಮೂಲೆಗೆ ಬರುತ್ತಾರೆ, ಹಕ್ಕಿ ಹೋಗುತ್ತದೆ.

ಹೀಗಿರುವಾಗ ಡಿಸೆಂಬರಿನಲ್ಲಿ ಮೂರನೆಯ ಜಾಗದ ಮುದುಕನಿಗೆ ಮಂಡಿ ಕೈಕೊಟ್ಟಿತು. ನಾಲ್ಕನೆಯ ಜಾಗದ ತಕಿಜಾವಾ, ಗುಂಪಿನ ಎಲ್ಲ ಓಡಾಟವೂ ಈತನದೇ, ಅರಳಿದ ಮುಖದಲ್ಲಿ ಬಂದ.

"ಮೊಮೊಸೆ ಸಾನ್, ಅಭಿನಂದನೆ! ನಾಳೆಯಿಂದ ನೀವು ಐದನೇ ಜಾಗ. ಕೊನೆಗೂ ಕೋಟೆ ಕಾಣತ್ತೆ ನೋಡಿ!"

ಐದನೆಯ ಜಾಗ ಹತ್ತೇ ಹೆಜ್ಜೆ ದೂರ. ಆದರೆ ಅಲ್ಲಿಂದ ಆ ರೆಂಬೆಯೂ ಕಾಣದು, ನೀರೊಳಗಿನ ಸೂರಿನ ತುದಿಯೂ ಕಾಣದು. ಹಿಸಾನೊ ಕೈಯಾಡಿಸಿದಳು.

"ಅಯ್ಯೋ, ನಂಗ್ಯಾಕೆ ಅದು. ಇಲ್ಲೇ ಇರ್ತೀನಿ ಬಿಡಿ."

"ನೋಡಿದ್ರಾ, ಎಂಥಾ ವಿನಯ!"

"ನಿಜವಾಗ್ಲೂ ಬೇಡ ತಕಿಜಾವಾ ಸಾನ್."

"ಹೀಗಿರಬೇಕು ಮನುಷ್ಯ ಅಂದ್ರೆ! ನಾನೂ ನನ್ನ ಸರದಿ ಬಂದಾಗ ಎರಡು ಸಲ ಬೇಡ ಅಂದಿದ್ದೆ."

ಅವಳು ಮೂರನೆಯ ಸಲವೂ ಬೇಡವೆಂದಳು. ಕೆಟ್ಟಿದ್ದು ಅಲ್ಲೇ. ಆ ಊರಿನಲ್ಲಿ ಗೌರವವನ್ನು ಎರಡು ಸಲ ನಿರಾಕರಿಸುವುದು ಮರ್ಯಾದೆ, ಮೂರು ಸಲ ನಿರಾಕರಿಸುವುದು ದೊಡ್ಡ ಮರ್ಯಾದೆ. ನಿಜವಾಗಿ ಬೇಡ ಎನ್ನುವುದಕ್ಕೆ ಮಾತೇ ಇಲ್ಲ. ತಕಿಜಾವಾ ಕಣ್ಣು ಒರೆಸಿಕೊಂಡು ಹೋಗಿ ಎಲ್ಲರಿಗೂ ಹೇಳಿದ.

ಕಾಲು ನೋವು, ಅಲ್ಲಿ ನೆಲ ಇಳಿಜಾರು ಎಂದು ಹಿಸಾನೊ ನೆಪ ಹೇಳಿದಳು. ಮರುದಿನ ಅಲ್ಲಿ ತಕಿಜಾವಾ ತಾನೇ ಕೊಯ್ದು ಉಜ್ಜಿ ನುಣುಪು ಮಾಡಿದ ಹಲಗೆ ಸಮತಟ್ಟಾಗಿ ಕೂತಿತ್ತು. ಗಾಳಿ ಜಾಸ್ತಿ ಎಂದಳು. ಗಾಳಿಗೆ ಅಡ್ಡಲಾಗಿ ಪರದೆ ಬಂತು, ಜೇಬಿಗೆ ಹಾಕಿಕೊಳ್ಳಲು ಕೈ ಬೆಚ್ಚಗಿಡುವ ಚೀಲಗಳೂ ಬಂದವು. ಪ್ರೀತಿ ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ತಲೆ ಬಗ್ಗಿಸಿ ವಂದಿಸಿ, ಹೋಗಿ ಹಲಗೆಯ ಮೇಲೆ ನಿಂತಳು.

ಮೂಲೆಗೆ ಹೊಸಬ ಬಂದ. ಓಗುಚಿ ಎಂದು ಹೆಸರು, ಬಸ್ ಓಡಿಸಿ ನಿವೃತ್ತನಾದವನು, ತೋಳುದ್ದದ ಲೆನ್ಸು. ಮಂಗನ ಕೈಗೆ ಮಾಣಿಕ್ಯ ಸಿಕ್ಕಿತು ಎಂದು ಹಿಸಾನೊ ಹಲ್ಲು ಕಚ್ಚಿದಳು. ಅವನೇನು ಕೆಟ್ಟವನಲ್ಲ, ಎಲ್ಲರಿಗೂ ಕಿತ್ತಳೆ ಹಂಚುತ್ತಿದ್ದ. ಆದರೆ ನೀರಿಗೆ ಬೆನ್ನು ಹಾಕಿ, ಕತ್ತು ಉದ್ದ ಮಾಡಿ, ಕೊಂಬೆಗಳ ಸಂದಿನಲ್ಲಿ ಕೋಟೆ ಹುಡುಕುತ್ತಿದ್ದ.

"ಇದೆಂಥಾ ಜಾಗ ಕೊಟ್ರಪ್ಪಾ! ಮರ, ಕೆಸರು ನೀರು, ಮರ, ಕೆಸರು ನೀರು! ಏಳು ವರ್ಷ ಹೇಗ್ರೀ ನಿಂತಿದ್ರಿ?"

"ಅಭ್ಯಾಸ ಆಗುತ್ತೆ" ಎಂದಳು ಹಿಸಾನೊ.

ಅವಳಿಗೀಗ ಕೋಟೆ ಕಾಣುತ್ತಿತ್ತು. ಚೆಂದವೇ, ಯಾರು ಇಲ್ಲವೆಂದರು? ಹಿಮದ ಬೆಟ್ಟಗಳ ಮುಂದೆ ಕಪ್ಪಗೆ, ಘನವಾಗಿ, ಕ್ಯಾಲೆಂಡರಿನಲ್ಲಿರುವಂತೆಯೇ ನಿಂತಿತ್ತು. ಅವಳು ದಿನಾ ಕರ್ತವ್ಯಕ್ಕೆ ನಾಲ್ಕು ಚಿತ್ರ ತೆಗೆಯುತ್ತಿದ್ದಳು. ಕಣ್ಣು ಮಾತ್ರ ಹತ್ತು ಹೆಜ್ಜೆ ಹಿಂದಕ್ಕೇ ಹೋಗುತ್ತಿತ್ತು.

ಆರನೆಯ ದಿನ ದಡದಂಚಿಗೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಇನ್ನು ವಾರದಲ್ಲಿ ಕಂದಕವೆಲ್ಲ ಹೆಪ್ಪುಗಟ್ಟುತ್ತದೆ, ಆಮೇಲೆ ಬರುವ ಚಳಿಗಾಲದ ತನಕ ಏನೂ ಇಲ್ಲ. ಬರುವ ಚಳಿಗಾಲಕ್ಕೆ ಅವಳಿಗೆ ಎಪ್ಪತ್ತು. ಏಳೂ ಹದಿನೇಳಕ್ಕೆ ಪೈನ್ ಮರದ ಕೆಳಗೆ ಒಂದು ನೀಲಿ ಗೆರೆ ಸರ್ರನೆ ಇಳಿಯಿತು. ಚಿಮ್ಮಿದ ನೀರಿನ ಸದ್ದು ಕೇಳಿತು. ಓಗುಚಿ ಬೆನ್ನು ತಿರುಗಿಸಿ ಕಿತ್ತಳೆ ಸುಲಿಯುತ್ತಿದ್ದ.

ಹಿಸಾನೊ ಹಲಗೆಯಿಂದ ಇಳಿದಳು.

"ನಂಗೆ ಆ ಮೂಲೆ ಬೇಕು."

ಜೋರಾಗೇ ಅಂದಳು. ಸಾಲಿನಲ್ಲಿ ಎಲ್ಲರ ಕೈಗಳು ಅಲ್ಲಲ್ಲೇ ನಿಂತವು. ಆ ದಡದಲ್ಲಿ 'ಬೇಕು' ಎಂಬ ಮಾತು ಹುಟ್ಟಿದ್ದು ಅದೇ ಮೊದಲು.

"ತಗೊಳಿ ತಾಯಿ, ಈಗ್ಲೇ ತಗೊಳಿ!" ಎಂದು ಓಗುಚಿ ತನ್ನ ಸಾಮಾನು ಬಾಚತೊಡಗಿದ.

"ಹಾಗೆಲ್ಲ ಆಗಲ್ಲ" ಎಂದ ತಕಿಜಾವಾ. ಅವನ ಮುಖ ಬಾಡಿತ್ತು. "ಹಲಗೆ ಸರಿ ಇಲ್ವಾ ಮೊಮೊಸೆ ಸಾನ್? ಬೇರೆ ಮಾಡಿಕೊಡ್ತೀನಿ. ಮುಂದೆ ಬಂದೋರು ಹಿಂದಕ್ಕೆ ಹೋದದ್ದು ನಮ್ಮಲ್ಲಿ ಇಲ್ಲವೇ ಇಲ್ಲ."

"ಹಲಗೆ ತುಂಬಾ ಚೆನ್ನಾಗಿದೆ. ನಾನು ಸುಳ್ಳು ಹೇಳಿದ್ದು. ಕಾಲು ನೋವಿಲ್ಲ, ಗಾಳೀನೂ ಇಲ್ಲ. ನಂಗೆ ಆ ನೀರು ಬೇಕು, ಅಷ್ಟೇ."

ಎಲ್ಲರೂ ಸೇತುವೆಯ ಕಡೆ ನೋಡಿದರು. ಮೊದಲ ಜಾಗದ ಫುರುಹಾತಾ, ಎಂಬತ್ಮೂರರ ಹಿರಿಯರು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವರು ಮೇಲೆ ನಿಂತು ಚಿತ್ರ ತೆಗೆಯುವ ತಮ್ಮ ಪುಟ್ಟ ಏಣಿ ಮಡಿಸಿದರು, ಕ್ಯಾಮೆರಾ ಹೆಗಲಿಗೇರಿಸಿದರು, ಸಾಲಿನ ಉದ್ದಕ್ಕೂ ಒಂದೊಂದೇ ಹೆಜ್ಜೆ ಇಡುತ್ತ ಬಂದರು. ನಾಳೆಯಿಂದ ಬರಬೇಡ ಎನ್ನುತ್ತಾರೆ ಎಂದು ಹಿಸಾನೊ ತಲೆ ತಗ್ಗಿಸಿ ಕಾದಳು.

"ಹಕ್ಕಿ ಈಗ್ಲೂ ಆ ರೆಂಬೆಗೇ ಬರುತ್ತಾ?" ಎಂದರು ಫುರುಹಾತಾ.

ಅವಳು ತಲೆಯೆತ್ತಿದಳು. "ಬರುತ್ತೆ. ಏಳೂಕಾಲಾದ ಮೇಲೆ."

"ನನ್ನ ಕಾಲದಲ್ಲಿ ರೆಂಬೆ ಬೇರೆ. ಸೂರಿನ ತುದಿಗೆ ಒಂದು ಗೇಣು ಈಚೆ ಬೀಳ್ತಿತ್ತು ಹಾಳಾದ್ ಹಕ್ಕಿ." ಅವರು ನೀರನ್ನೇ ನೋಡುತ್ತಿದ್ದರು. "ನಾಲ್ಕು ವರ್ಷ ಇಲ್ಲಿ ನಿಂತಿದ್ದೆ. ಆಮೇಲೆ ಮುಂದೆ ಬನ್ನಿ ಅಂದ್ರು. ಮೂರು ಸಲ ಬೇಡ ಅಂದೆ, ಹೊಗಳಿದ್ರು. ಹತ್ತೊಂಬತ್ತು ವರ್ಷ ಆಯ್ತು."

ತಕಿಜಾವಾ ಸೇತುವೆಯ ಕಡೆ ಕೈ ತೋರಿಸಿದ. "ಮತ್ತೆ... ಮೊದಲ ಜಾಗ?"

"ಓಗುಚಿಗೆ ಕೊಡಿ. ಕೋಟೆ ಕೋಟೆ ಅಂತ ಪ್ರಾಣ ಬಿಡ್ತಿದಾನೆ."

ಯಾರೋ ಕಿಸಕ್ಕನೆ ನಕ್ಕರು. ಹಿಸಾನೊ ಮೂಲೆಗೆ ಓಡಿಯೇ ಹೋದಳು, ಅರವತ್ತೊಂಬತ್ತು ವರ್ಷ ಲೆಕ್ಕಕ್ಕಿಲ್ಲದ ಹಾಗೆ. ಫುರುಹಾತಾ ಅವಳ ಪಕ್ಕದಲ್ಲಿ, ಎಲ್ಲರಿಗಿಂತ ಕೊನೆಗೆ, ಬೇರುಗಳ ನಡುವೆ ಏಣಿ ಊರಿದರು. ಟೋಪಿ ತೆಗೆದು, ಹೊಸದಾಗಿ ಸೇರಿದವರು ಮಾಡುವಂತೆ, ಸೊಂಟದ ತನಕ ಬಾಗಿದರು.

"ಹೊಸಬ ಫುರುಹಾತಾ. ದಯವಿಟ್ಟು ನೋಡ್ಕೊಳಿ."

ಹಿಸಾನೊಗೆ ಅಳು ಬಂತು. ತಾನೂ ಬಾಗಿದಳು. ನೀರು ಮತ್ತೆ ತಿಳಿಯಾಗುತ್ತಿತ್ತು, ಸೂರುಗಳು ಒಂದೊಂದಾಗಿ ಕೂಡಿಕೊಳ್ಳುತ್ತಿದ್ದವು. ರೆಂಬೆ ಒಂದಿಷ್ಟು ಅಲುಗಿತು. ಮಿಂಚುಳ್ಳಿ ಬಂದು ಕೂತಿತ್ತು. ಇಬ್ಬರೂ ಉಸಿರು ಹಿಡಿದು ಕಣ್ಣನ್ನು ಕ್ಯಾಮೆರಾಕ್ಕೆ ಒತ್ತಿದರು.

"ಮೊಮೊಸೆ ಸಾನ್" ಎಂದರು ಮುದುಕರು ಮೆಲ್ಲಗೆ, ಕಣ್ಣು ತೆಗೆಯದೆ. "ಸ್ವಲ್ಪ ಎಡಕ್ಕೆ ಸರ್ಕೊಳಿ. ಆ ತುದಿ ನಂಗೂ ಬೇಕು."

ಹಿಸಾನೊ ಸರಿದುಕೊಂಡಳು.