ಮುಳುಗಿದ ಬ್ಯಾಟರಿ

ಹೊಳೆಯ ನೆರೆ ಇಳಿದ ಮರುದಿನ ಆ ಊರಿನಲ್ಲಿ ಯಾರೂ ಕೈಕಟ್ಟಿ ಕೂರುವುದಿಲ್ಲ. ಕೆಸರು ಹಸಿಯಾಗಿರುವಾಗಲೇ ನೀರು ಹೊಡೆದು ತೊಳೆದುಬಿಡಬೇಕು. ಒಣಗಿಬಿಟ್ಟರೆ ಹಾರೆಗೂ ಜಗ್ಗುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಹೊಳೆದಂಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಎಪ್ಪತ್ತೊಂದು ವರ್ಷದ ಮರ್ವಿನ್ ಬೆಳಿಗ್ಗೆ ಆರಕ್ಕೇ ಎರವಲು ತಂದ ಎಂಜಿನ್ ಪಂಪಿನ ಪೈಪು ಹಿಡಿದು ನಿಂತಿದ್ದ. ಆಸಾಮಿ ಹಟಮಾರಿ ಎಂಬುದು ಊರಿಗೇ ಗೊತ್ತು. ಅವನ ಮನೆ ಎತ್ತರದ ಕಂಬಗಳ ಮೇಲಿತ್ತು, ಮೇಲಿನ ಕೋಣೆಗಳಿಗೆ ನೀರು ತಾಗಿರಲಿಲ್ಲ. ಕೆಳಗಿದ್ದ ಕಾರು, ಬಟ್ಟೆ ಒಗೆಯುವ ಮಷೀನು, ಗೋಡೆಗೆ ಕೂರಿಸಿದ ಬಿಳಿ ಬೀರುವಿನಂಥ ಬ್ಯಾಟರಿ ಮಾತ್ರ ಎರಡು ದಿನ ಮುಳುಗಿದ್ದವು. ಛಾವಣಿಯ ಸೋಲಾರ್‌ನಿಂದ ಬಂದ ಕರೆಂಟನ್ನು ಕೂಡಿಡುವ ಬ್ಯಾಟರಿ ಅದು.

ಅದನ್ನು ಹಾಕಿಸಿದ್ದೇ ಹೆಂಡತಿ ಗ್ಲೆನಿಸ್‌ಗಾಗಿ. ಅವಳ ಶ್ವಾಸಕೋಶ ಸೋತಿತ್ತು, ಆಕ್ಸಿಜನ್ ಮಷೀನು ಇಲ್ಲದೆ ಆಗುತ್ತಿರಲಿಲ್ಲ. ಈಗ ಅವಳು ನೆರೆ ಸಂತ್ರಸ್ತರ ಶಿಬಿರವಾಗಿದ್ದ ಹೈಸ್ಕೂಲಿನ ಹಾಲಿನಲ್ಲಿ, ಸಿಲಿಂಡರ್ ಪಕ್ಕ, ಮಡಚುವ ಮಂಚದ ಮೇಲಿದ್ದಳು. ಬೀದಿಗೆ ಕರೆಂಟು ಬರಲು ಇನ್ನೂ ವಾರ ಬೇಕು. ಮಧ್ಯಾಹ್ನದೊಳಗೆ ಮನೆಯಲ್ಲಿ ಮಷೀನು ಓಡದಿದ್ದರೆ ಅವಳನ್ನು ಬಸ್ಸಿನಲ್ಲಿ ನೂರು ಕಿಲೋಮೀಟರ್ ಆಚೆಯ ಆಸ್ಪತ್ರೆಗೆ ಕಳಿಸುತ್ತಾರೆ. ಆಸ್ಪತ್ರೆಯೆಂದರೆ ಗ್ಲೆನಿಸ್‌ಗೆ ಪ್ರಾಣಸಂಕಟ. ಮನೆಗೇ ಕರೆದುಕೊಂಡು ಹೋಗುತ್ತೇನೆ ಎಂದು ಮರ್ವಿನ್ ಮಾತು ಕೊಟ್ಟು ಬಂದಿದ್ದ.

ಪೈಪಿನ ಮೂತಿಯನ್ನು ಬ್ಯಾಟರಿಯ ಕಡೆ ತಿರುಗಿಸುವಷ್ಟರಲ್ಲಿ ಗೇಟಿನ ಹತ್ತಿರ ಕೂಗು ಕೇಳಿಸಿತು. ಮೂರನೇ ಮನೆಯ ಎಲೆಕ್ಟ್ರಿಷಿಯನ್ ಡೀನಾ, ಕೈಯಲ್ಲಿ ಅರ್ಧ ತಿಂದ ಸಾಸೇಜ್ ಬ್ರೆಡ್ಡು.

"ಮರ್ವಿನ್, ಪಂಪ್ ಆಫ್ ಮಾಡಿ. ಈ ಕಡೆ ಬನ್ನಿ."

"ಇರಮ್ಮ, ಇದೊಂದು ತೊಳ್ದು, ಒರೆಸಿ, ಆನ್ ಮಾಡಿಬಿಡ್ತೀನಿ."

"ಅದನ್ನ ಮುಟ್ಟಲೇಬೇಡಿ. ಮೊದ್ಲು ಈಚೆ ಬನ್ನಿ ಅಂದೆ."

"ಏನಾಗತ್ತೆ? ನೀರು ಬರೋಕ್ ಮುಂಚೆ ನಾನೇ ಮೇನ್ ಆಫ್ ಮಾಡಿದೀನಿ. ಇಡೀ ಬೀದೀಲಿ ಕರೆಂಟಿಲ್ಲ, ಇದ್ರಲ್ಲಿ ಎಲ್ಲಿಂದ ಬರತ್ತೆ?"

"ಬೀದಿಯಿಂದ ಬರೋದಲ್ಲ, ಅದರ ಹೊಟ್ಟೇಲೇ ಇದೆ. ಮೇನ್ ಆಫ್ ಮಾಡಿದ್ರೆ ಬ್ಯಾಟರಿ ಖಾಲಿ ಆಗಲ್ಲ."

"ನಲವತ್ತು ವರ್ಷ ಟ್ರ್ಯಾಕ್ಟರ್ ಬ್ಯಾಟರಿನ ಬರಿಗೈಲಿ ಎತ್ತಿ ಇಟ್ಟೋನು ನಾನು. ಅದೆಷ್ಟು ಸಲ ನೆಂದಿದೆ. ನನಗೆ ಪಾಠ ಹೇಳ್ತೀಯಾ?"

"ಅದು ಹನ್ನೆರಡು ವೋಲ್ಟು. ಇದು ಹತ್ತಿರ ಹತ್ತಿರ ನಾನೂರು. ಹಿಡ್ಕೊಂಡ ಕೈ ಬಿಡಿಸ್ಕೊಳ್ಳೋಕೆ ಆಗಲ್ಲ. ಒಳಗೆ ಕೆಸರು ನೀರು ಹೋಗಿದ್ರಂತೂ, ಇವತ್ತು ಸುಮ್ನಿದ್ದು ಎರಡು ದಿನ ಬಿಟ್ಟು ಹೊತ್ಕೊಂಡ್ರೂ ಹೊತ್ಕೊಳ್ತು."

ಮರ್ವಿನ್‌ಗೆ ರೇಗಿತು. "ಹಾಗಾದ್ರೆ ಗ್ಲೆನಿಸ್‌ಗೆ ನೀನೇ ಹೋಗಿ ಹೇಳು. ಮಧ್ಯಾಹ್ನಕ್ಕೆ ಬಸ್ಸು."

ಡೀನಾ ಬ್ರೆಡ್ಡನ್ನು ಗೇಟಿನ ಕಂಬದ ಮೇಲಿಟ್ಟಳು. ಬ್ಯಾಟರಿ ಕೆಲಸದ ಪರವಾನಗಿ ಅವಳಿಗಿತ್ತು. ಬೀದಿಯ ಮುಳುಗಿದ ಬ್ಯಾಟರಿಗಳನ್ನು ಪರೀಕ್ಷಿಸಲು ಅವಳನ್ನೇ ನೇಮಿಸಿದ್ದರು. ಮರ್ವಿನ್‌ನನ್ನು ಗೇಟಿನಾಚೆ ನಿಲ್ಲಿಸಿ, ದಪ್ಪ ರಬ್ಬರ್ ಕೈಗವಸು, ಬೂಟು, ಮುಖ ಮುಚ್ಚುವ ಗಟ್ಟಿ ಪರದೆ ಎಲ್ಲ ಹಾಕಿಕೊಂಡಳು. ಹೊಗೆ, ಘಾಟು, ಸದ್ದು ಏನೂ ಇಲ್ಲವೆಂದು ದೂರದಿಂದಲೇ ಖಾತ್ರಿ ಮಾಡಿಕೊಂಡಳು.

"ಈ ವೋಲ್ಟ್ ಮೀಟರ್ ಎಷ್ಟು ತೋರಿಸ್ಬೋದು, ಹೇಳಿ ನೋಡೋಣ."

"ಸೊನ್ನೆ," ಅಂದ ಮರ್ವಿನ್.

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಹೇಳಿದಳು, "ಮುನ್ನೂರ ಎಂಬತ್ತಾರು."

ಮರ್ವಿನ್ ತನ್ನ ಕೈ ನೋಡಿಕೊಂಡ. ಒದ್ದೆ ಕೈ, ಕಾಲಲ್ಲಿ ಕೆಸರು ಮೆತ್ತಿದ ರಬ್ಬರ್ ಚಪ್ಪಲಿ. ಮುಚ್ಚಳ ಬಿಚ್ಚಿ ಒಳಗೆಲ್ಲ ಬಟ್ಟೆಯಿಂದ ಒರೆಸಬೇಕೆಂದಿದ್ದ ಕೈ ಅದು. ಗೇಟಿನ ಪಕ್ಕ ಯಾರೋ ಬಿಸಾಕಿದ್ದ ನೆಂದ ಹಾಸಿಗೆಯ ಮೇಲೆ ಹಾಗೇ ಕುಸಿದು ಕೂತ.

ಡೀನಾ ಕೆಳಮನೆಗೆ ಅಡ್ಡಲಾಗಿ ಕೆಂಪು ಪಟ್ಟಿ ಕಟ್ಟಿದಳು. "ಇದನ್ನ ಬಿಚ್ಚಿ ಒಯ್ಯೋವರೆಗೂ ಹತ್ರ ಹೋಗ್ಬೇಡಿ. ಮೇಲಿನ ಕೋಣೇಲೂ ಮಲಗ್ಬೇಡಿ," ಅಂದಳು. ಮರ್ವಿನ್ ಎದ್ದು ಹೈಸ್ಕೂಲಿನ ದಾರಿ ಹಿಡಿದ.

ಹಾಲಿನಲ್ಲಿ ಗ್ಲೆನಿಸ್ ಮನೆಗೆ ಹೋಗಲು ಚೀಲ ಕಟ್ಟಿಕೊಂಡು ಕೂತಿದ್ದಳು. ಅವನು ಏನೂ ಮುಚ್ಚಿಡದೆ ಎಲ್ಲ ಹೇಳಿದ. "ಮಾತು ಕೊಟ್ಟಿದ್ದೆ. ಉಳಿಸ್ಕೊಳ್ಳೋಕಾಗ್ಲಿಲ್ಲ."

ಮೂಗಿನ ನಳಿಕೆ ಸರಿಮಾಡಿಕೊಂಡು ಉಸಿರು ತೆಗೆದುಕೊಳ್ಳಲು ಅವಳಿಗೆ ಕೊಂಚ ಹೊತ್ತು ಬೇಕಾಯಿತು.

"ದಡ್ಡ ಮುದುಕ," ಅಂದಳು. "ನೀನೇ ಇಲ್ದಿದ್ಮೇಲೆ ನಾನು ಯಾರಿಗೋಸ್ಕರ ಉಸಿರಾಡ್ಲಿ? ನಡಿ, ಬಸ್ ಹತ್ತು. ಕಿಟಕಿ ಸೀಟು ನಂದು."

ಓದುತ್ತಿರುವ ನಿಮಗೂ ಒಂದು ಮಾತು. ನಿಮ್ಮ ಮನೆಯ ಬ್ಯಾಟರಿಗೆ ನೀರು ನುಗ್ಗಿದ್ದರೆ ತೊಳೆಯಬೇಡಿ, ಒರೆಸಬೇಡಿ, ಆನ್ ಮಾಡಿ ನೋಡುವ ಗೋಜಿಗೂ ಹೋಗಬೇಡಿ. ಮೇನ್ ಆಫ್ ಆಗಿದ್ದರೂ ಅದರಲ್ಲಿ ಜೀವ ತೆಗೆಯುವಷ್ಟು ಕರೆಂಟು ಉಳಿದಿರುತ್ತದೆ. ದೂರ ನಿಂತು, ಪರವಾನಗಿ ಇರುವವರನ್ನು ಕರೆಸಿ. ಬುಸುಗುಟ್ಟುವ ಸದ್ದು, ಘಾಟು, ಹೊಗೆ ಕಂಡುಬಂದರೆ ಮನೆಮಂದಿಯನ್ನೆಲ್ಲ ಹೊರಡಿಸಿಕೊಂಡು ದೂರ ಹೋಗಿ. ತುರ್ತು ಸೇವೆಯ ನಂಬರು ಮೂರು ಸೊನ್ನೆ (000) ಒತ್ತಿ ಫೋನ್ ಮಾಡಿ, ಮನೆಯಲ್ಲಿ ಬ್ಯಾಟರಿ ಇದೆ ಎಂದು ಮರೆಯದೆ ಹೇಳಿ. ನಿಮ್ಮ ಬ್ಯಾಟರಿ ಕೂರಿಸಿದ ಎಲೆಕ್ಟ್ರಿಷಿಯನ್ನರ ನಂಬರನ್ನು ಇವತ್ತೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.