ಜೀಪಿನಲ್ಲಿ ಇಲ್ಲದ ಸೀಟು

ಕಾಡಿಗೆ ಹೋಗುವ ಮಾತನ್ನು ಆ ಮನೆಯಲ್ಲಿ ಮೊದಲು ಎತ್ತಿದವರು ಅತ್ತಿಗೆ. ಎತ್ತಿದರು ಅನ್ನುವುದಕ್ಕಿಂತ ಕೂಗಿದರು ಅನ್ನಬೇಕು. ಗಂಡನ ಈ ಅಕ್ಕ ಬಟ್ಟೆ ಗಿರಣಿಯ ಮಗ್ಗಗಳ ನಡುವೆ ಯೌವನವನ್ನೆಲ್ಲ ಕಳೆದು, ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದರು. ಒಂದು ಚಿಟಿಕೆ ಉಪ್ಪು ಕೇಳಿದರೂ ಡಂಗುರ ಸಾರಿದ ಹಾಗಿರುತ್ತಿತ್ತು. ಸಂಜೆಯಾದರೆ ಟೀವಿಯಲ್ಲಿ ಆನೆ, ಹುಲಿ, ತೋಳ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ನಿಮ್ಮನೆ ಹುಲಿಗೆ ಊಟ ಆಯ್ತಾ?" ಎಂದು ವಿಚಾರಿಸುವಷ್ಟು ಜೋರು.

"ಒಂದ್ಸಲ ಆನೆ ಹಿಂಡನ್ನ ಕಾಡಲ್ಲೇ ನೋಡ್ಬೇಕು ಕಣೋ," ಎಂದು ತಮ್ಮನಿಗೆ ಹೇಳಿದ್ದರು. "ಸರಪಳಿ ಇರಬಾರದು, ಬೇಲಿ ಇರಬಾರದು. ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು."

ತಮ್ಮ ಹೂಂ ಅಂದ. ಮಗಳು ಕುಣಿದಾಡಿದಳು. ಜೀಪು, ರೂಮು, ತಾರೀಖು ಎಲ್ಲವನ್ನೂ ಗೊತ್ತುಮಾಡುವ ಕೆಲಸ ಮಾತ್ರ ಎಂದಿನಂತೆ ತಮ್ಮನ ಹೆಂಡತಿಯಾದ ಅವಳ ತಲೆಗೇ ಬಂತು.

ಮನೆಯ ಮುಂದಿನ ಕೋಣೆಯೇ ಅವಳ ಬ್ಯೂಟಿ ಪಾರ್ಲರ್. ಎರಡು ಕುರ್ಚಿ, ಗೋಡೆ ತುಂಬ ಕನ್ನಡಿ, ತಲೆಯ ಮೇಲೆ ಬೋರಲು ಹಾಕುವ ಹಳೆಯ ಡ್ರೈಯರ್ ಒಂದು. ಅದನ್ನು ಚಾಲೂ ಮಾಡಿದರೆ ಹಿಟ್ಟಿನ ಗಿರಣಿಯೊಳಗೆ ನಿಂತ ಹಾಗೆ. ಆ ದಿನ ಅತ್ತಿಗೆಯ ಕೂದಲಿಗೆ ಬಣ್ಣ ಹಚ್ಚಿ, ತೊಳೆದು, ಅದರ ಕೆಳಗೆ ಕೂರಿಸಿದ್ದಳು. ಅವರು ಅರೆಗಣ್ಣು ಮುಚ್ಚಿ ಕೂತಿದ್ದರು. ಅವಳು ಅವರ ಬೆನ್ನ ಹಿಂದೆ ನಿಂತು ಜೀಪಿನವನಿಗೆ ಫೋನು ಹಚ್ಚಿದಳು.

"ನಾಲ್ಕು ಸೀಟು ಇದೆ ಮೇಡಂ, ನಿಮ್ಮ ಅದೃಷ್ಟ. ಒಂದೇ ಷರತ್ತು, ಒಳಗೆ ಹೋದ ಮೇಲೆ ತುಟಿ ಪಿಟಕ್ ಅನ್ನೋ ಹಾಗಿಲ್ಲ. ಹೋದ ವಾರ ಒಬ್ರು ಸೀನಿದ್ರು, ಹಿಂಡಿಗೆ ಹಿಂಡೇ ಮಾಯ."

"ಹಾಗಾದ್ರೆ ಮೂರೇ ಇರ್ಲಿ," ಅಂದಳು ಅವಳು. "ನಮ್ಮತ್ತಿಗೆ ಬಾಯಿ ಬಿಟ್ರೆ ಕಾಡೇ ಖಾಲಿ ಆಗುತ್ತೆ. ಸೀಟಿಲ್ಲ ಅಂತ ಹೇಳಿಬಿಡ್ತೀನಿ." ಜೀಪಿನವನು ನಕ್ಕ. ಅವಳೂ ನಕ್ಕಳು.

ನಿಜ ಹೇಳಬೇಕೆಂದರೆ ಅವಳಿಗೆ ಬೇಕಾಗಿದ್ದದ್ದು ಆನೆಯಲ್ಲ, ಮೌನ. ವರ್ಷಗಟ್ಟಲೆ ಅಡುಗೆಮನೆಯಿಂದ ಕೂಗಿ, ಬಾಗಿಲಿಂದ ಕೂಗಿ, ಬಸ್ಸಿನಲ್ಲಿ ಅತ್ತಿಗೆಯ ಗಟ್ಟಿ ದನಿಗೆ ಜನ ತಿರುಗಿದಾಗಲೆಲ್ಲ ಕಿಟಕಿಯಾಚೆ ನೋಡಿ ಅವಳಿಗೆ ಸಾಕಾಗಿತ್ತು. ಎರಡು ದಿನ, ಬರೀ ಎರಡು ದಿನ ಯಾರೂ ಕೂಗದ ಜಾಗದಲ್ಲಿ ಇರಬೇಕು ಅನ್ನಿಸಿತ್ತು.

ಆದರೆ ಸುಳ್ಳನ್ನು ಮೆಲ್ಲಗೆ ಹೇಳಿ ಮುಗಿಸುವ ಸೌಕರ್ಯ ಆ ಮನೆಯಲ್ಲಿರಲಿಲ್ಲ. ರಾತ್ರಿ ಊಟಕ್ಕೆ ಬಡಿಸುತ್ತ ಅತ್ತಿಗೆಯ ಕಿವಿಯ ಹತ್ತಿರ ಬಾಗಿ, "ಮೂರೇ ಸೀಟಂತೆ!" ಎಂದು ಕೂಗಿದಳು. "ಏನು?" ಅಂದರು. ಮತ್ತೆ ಕೂಗಿದಳು. ಒಂದೊಂದು ಸಲ ಕೂಗಿದಾಗಲೂ ಅದು ಇನ್ನಷ್ಟು ಸುಳ್ಳಾಗುತ್ತ ಹೋಯಿತು.

"ಅಕ್ಕನೇ ಇಲ್ಲ ಅಂದ್ರೆ ಹೇಗೆ? ಬೇರೆ ಜೀಪು ಕೇಳು," ಅಂದ ಗಂಡ.

ಅವಳು ಬಾಯಿ ತೆರೆಯುವ ಮೊದಲೇ ಅತ್ತಿಗೆ, "ಬೇಡ ಬಿಡೋ," ಅಂದರು. "ನನ್ನ ಟೀವಿ ಎಲ್ಲೂ ಓಡಿ ಹೋಗಲ್ಲ."

ಮಾರನೆಯ ದಿನದಿಂದ ಅತ್ತಿಗೆಯೇ ಸಿದ್ಧತೆಗೆ ನಿಂತರು. ಅಟ್ಟದ ಮೇಲಿದ್ದ ದುರ್ಬೀನನ್ನು ಇಳಿಸಿ ಗಾಜು ಒರೆಸಿಟ್ಟರು. ಬೀರುವಿನಲ್ಲಿದ್ದ ಅವಳ ಕೆಂಪು, ಹಳದಿ ಬಟ್ಟೆಗಳನ್ನೆಲ್ಲ ಒತ್ತಟ್ಟಿಗೆ ಸರಿಸಿ, "ಇದೇನು ಮೆರವಣಿಗೇನಾ? ಮಣ್ಣಿನ ಬಣ್ಣದ್ದು ಹಾಕ್ಕೋ," ಎಂದು ಗದರಿದರು. ಅವರು ಒಂದೊಂದು ಉಪಕಾರ ಮಾಡಿದಾಗಲೂ ಅವಳು ಪಾರ್ಲರಿನ ಕೆಲಸದ ನೆಪ ಮಾಡಿ ಅಲ್ಲಿಂದ ಜಾರಿಕೊಳ್ಳುತ್ತಿದ್ದಳು. ಪಾಪ, ಏನೂ ಗೊತ್ತಿಲ್ಲ ಎಂದುಕೊಂಡು ಸುಧಾರಿಸಿಕೊಳ್ಳುತ್ತಿದ್ದಳು.

ಒಂದು ರಾತ್ರಿ ಊಟಕ್ಕೆ ಕೂತಾಗ ಮಗಳು ಅತ್ತೆಯ ಎದುರಿಗೆ ಬಗ್ಗಿ, "ಮೂರು ಗಂಟೆ ಹೊತ್ತು ಮಾತಾಡಬಾರದಂತೆ ಅತ್ತೆ. ಅಮ್ಮ ಸತ್ತೇ ಹೋಗ್ತಾಳೆ!" ಅಂದಳು.

ಅತ್ತಿಗೆ ಗೊಳ್ಳೆಂದು ನಕ್ಕರು. "ಸದ್ದೇ ಇಲ್ದೆ ಮಾತಾಡೋದು ನಾನು ಕಲಿಸ್ತೀನಿ ಬಾ. ಮಗ್ಗದ ಗದ್ದಲದಲ್ಲಿ ಪಕ್ಕದಲ್ಲಿ ಬಾಂಬ್ ಬಿದ್ರೂ ಕೇಳ್ತಿರಲಿಲ್ಲ. ಆದ್ರೂ ಹೆಣ್ಣು ಗಂಡು ಗೊತ್ತುಮಾಡೋದು, ಜಗಳ, ಅತ್ತೇರ ಮೇಲಿನ ಚಾಡಿ ಎಲ್ಲಾ ಅಲ್ಲೇ ನಡೀತಿತ್ತು. ಹೇಗೆ ಹೇಳು? ತುಟಿ ನೋಡಿ."

ಆಮೇಲೆ ಅವರು ದನಿಯಿಲ್ಲದೆ ತುಟಿ ಆಡಿಸಿದರು. ಹುಬ್ಬು, ಕೆನ್ನೆ, ಗಲ್ಲ ಎಲ್ಲವೂ ಮಾತಿಗೆ ಸೇರಿಕೊಂಡವು. ಹಿಂದೆಂದೂ ಅಷ್ಟು ಹೊತ್ತು ಅತ್ತಿಗೆಯ ಮುಖವನ್ನೇ ನೋಡುತ್ತ ಕೂತದ್ದು ಅವಳಿಗೆ ನೆನಪಿರಲಿಲ್ಲ. ಚೆಂದದ ಮುಖ. 'ನೋಡು', 'ಬಲಗಡೆ', 'ಸುಮ್ನಿರು', ಈ ಮೂರು ಮಾತನ್ನು ಎಲ್ಲರಿಗೂ ಕಲಿಸಿದರು.

"ಮತ್ತೆ ಮನೇಲಿ ಯಾಕತ್ತೆ ನಮ್ಮ ಮಾತು ಗೊತ್ತಾಗಲ್ಲ ನಿಮಗೆ?"

"ನೀವೆಲ್ಲ ಕಿವಿ ಹತ್ರ ಬಂದು ಕಿರುಚ್ತೀರಲ್ಲ. ಎದುರಿಗೆ ನಿಂತು ಹೇಳಿ ಅಂತ ಬಡ್ಕೊಂಡಿದ್ದೀನಿ."

ಹೇಳಿದ್ದರು, ನಿಜ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ಎದುರಿಗೆ ನಿಲ್ದೇ ಇದ್ರೆ?" ಅಂದಳು ಮಗಳು.

"ಬೆನ್ನ ಹಿಂದೆ ನಿಂತ್ರೂ ಕಿಟಕಿ ಗಾಜಲ್ಲಿ ನೋಡಿ ತಿಳ್ಕೋತಿದ್ವಿ," ಅಂದರು ಅತ್ತಿಗೆ, ತಟ್ಟೆಯಿಂದ ಕಣ್ಣೆತ್ತದೆ. "ಗಾಜು, ಕನ್ನಡಿ, ಯಾವ್ದಾದ್ರೂ ಸರಿ."

ಅವಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಪಾರ್ಲರಿನಲ್ಲಿ ಗೋಡೆ ತುಂಬ ಕನ್ನಡಿ. ಅರೆಗಣ್ಣು ಮುಚ್ಚಿದ್ದರು, ಪೂರ್ತಿ ಮುಚ್ಚಿರಲಿಲ್ಲ. ಕಾಡೇ ಖಾಲಿ ಆಗುತ್ತೆ ಅಂದದ್ದು, ಆಮೇಲೆ ನಕ್ಕದ್ದು. ಅದನ್ನು ನೋಡಿಯೂ ದುರ್ಬೀನಿನ ಗಾಜು ಒರೆಸಿಕೊಟ್ಟಿದ್ದರು.

ಬೆಳಗಾಗುತ್ತಲೇ ಜೀಪಿನವನಿಗೆ ಫೋನು ಮಾಡಿದಳು.

"ಅಯ್ಯೋ, ಆ ನಾಲ್ಕನೇ ಸೀಟು ಮೊನ್ನೆಯೇ ಹೋಯ್ತಲ್ಲ ಮೇಡಂ. ಬೇರೆ ಜೀಪುಗಳೂ ಭರ್ತಿ."

ಅವಳ ಸುಳ್ಳು ಈಗ ನಿಜವಾಗಿತ್ತು. ಆ ಕ್ಷಣ ಎದೆ ಹಗುರಾಯಿತು: ಸೀಟಿಲ್ಲವಲ್ಲ, ನಾನೇನು ಮಾಡಲಿ? ಹಾಗೆ ಹಗುರಾದದ್ದು ಅರಿವಿಗೆ ಬಂದದ್ದೇ ತಡ, ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹೊರಡುವುದಕ್ಕೆ ಎರಡು ದಿನ ಇರುವಾಗ ಅತ್ತಿಗೆಯ ತಲೆಗೆ ತಾನೇ ನೀರು ಹಾಕಿ, ಕರೆದು ಕುರ್ಚಿಯಲ್ಲಿ ಕೂರಿಸಿ ಡ್ರೈಯರ್ ಹಾಕಿದಳು. ಬೆಂಚಿನ ಮೇಲೆ ಗಿರಾಕಿಯೊಬ್ಬಳು ಪತ್ರಿಕೆ ತಿರುವಿಹಾಕುತ್ತಿದ್ದಳು. ತಾನು ಅತ್ತಿಗೆಯ ಕುರ್ಚಿಯ ಹಿಂದೆ ನಿಂತು, ಕನ್ನಡಿಗೆ ಮುಖಮಾಡಿ, ದನಿಯಿಲ್ಲದೆ ತುಟಿ ಆಡಿಸಿದಳು: ಅವತ್ತು ನೋಡಿದ್ರಾ?

ಅತ್ತಿಗೆ ಕಣ್ಣು ತೆರೆದರು. "ನೋಡ್ದೆ!" ಅಂದರು. ಗಿರಾಕಿ ಬೆಚ್ಚಿ ತಲೆಯೆತ್ತಿದಳು.

ತಪ್ಪಾಯ್ತು. ನನ್ನ ಸೀಟಲ್ಲಿ ನೀವು ಹೋಗಿ.

ತುಟಿಯಲ್ಲೇ ಹೇಳಿ ಕಾದಳು. ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಫ್ಯಾನಿನ ಕೆಳಗಿನ ಜಾಗ, ಕಿಟಕಿ ಪಕ್ಕದ ಮಂಚ, ಬಸ್ಸಿನ ಸೀಟು, ಎಲ್ಲದಕ್ಕೂ ಅತ್ತಿಗೆಯದು ಒಂದೇ ಉತ್ತರ: ನೀನೇ ಇಟ್ಕೊಳೇ, ನನಗ್ಯಾಕೆ. ಈಗಲೂ ಹಾಗೆ ಅಂದುಬಿಟ್ಟರೆ ತಾನು ಸೀಟು ಕೊಟ್ಟ ಹಾಗೂ ಆಗುತ್ತದೆ, ಕಾಡಿಗೆ ಹೋದ ಹಾಗೂ ಆಗುತ್ತದೆ.

ಅತ್ತಿಗೆ ಕನ್ನಡಿಯಲ್ಲಿ ಅವಳನ್ನೇ ನೋಡಿದರು.

"ಆಗ್ಲಿ," ಅಂದರು. "ಹೋಗ್ತೀನಿ. ಇದರ ಬಿಸಿ ಸ್ವಲ್ಪ ಕಮ್ಮಿ ಮಾಡು, ಕಿವಿ ಸುಡ್ತಿದೆ."

ಅವಳು ಬಿಸಿ ಕಡಿಮೆ ಮಾಡಿದಳು. ಕ್ಷಮೆಯೂ ಪುಕ್ಕಟೆಯಾಗಿ ಸಿಗಲಿ ಎಂದು ಆಸೆಪಟ್ಟಿದ್ದಳು, ಅದೂ ಅವರಿಗೆ ಕಂಡಿರಬೇಕು.

"ಪಾರ್ಲರಲ್ಲಿ ಕೆಲಸ ಮೈಮೇಲೆ ಬಂದಿದೆ, ಅತ್ತಿಗೇನ ಕರ್ಕೊಂಡು ಹೋಗಿ," ಎಂದು ಗಂಡನಿಗೆ ಹೇಳಿದಳು. ಇನ್ನೊಂದು ಸುಳ್ಳು. ಅತ್ತಿಗೆ ಎದುರಿಗೇ ಇದ್ದರು, ಅವಳ ತುಟಿಯನ್ನೇ ನೋಡುತ್ತಿದ್ದರು.

ಹೊರಟ ದಿನ ಅತ್ತಿಗೆ ಮಣ್ಣಿನ ಬಣ್ಣದ ಬಟ್ಟೆ ತೊಟ್ಟು, ಕೊರಳಿಗೆ ದುರ್ಬೀನು ಹಾಕಿಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಗಾಜು ಏರಿಸಿತ್ತು. ಕಾರು ಕದಲುವ ಮುನ್ನ ಅವಳತ್ತ ತಿರುಗಿ, ಬೀದಿಗೆಲ್ಲ ಕೇಳುವ ಆ ದನಿಯನ್ನು ಬಿಟ್ಟು, ಬರೀ ತುಟಿಯಲ್ಲಿ ಏನೋ ಹೇಳಿದರು. ಅವಳು ಕಲಿತದ್ದು ಮೂರೇ ಮಾತು. ಅದು ಆ ಮೂರರಲ್ಲಿ ಯಾವುದೂ ಆಗಿರಲಿಲ್ಲ. "ಏನತ್ತಿಗೆ?" ಎಂದು ಅವಳು ಕೂಗುವಷ್ಟರಲ್ಲಿ ಕಾರು ತಿರುವು ದಾಟಿತ್ತು.

ಮನೆ ನಿಶ್ಶಬ್ದವಾಗಿತ್ತು. ಅವಳು ಆಸೆಪಟ್ಟ ಮೌನ ಕೋಣೆಕೋಣೆಯಲ್ಲೂ ತುಂಬಿತ್ತು. ಪಾರ್ಲರಿನ ಕನ್ನಡಿಯ ಮುಂದೆ ನಿಂತು, ಅತ್ತಿಗೆಯ ತುಟಿ ಆಡಿದ ಹಾಗೆಯೇ ತನ್ನ ತುಟಿಯನ್ನು ಆಡಿಸಿ ನೋಡಿದಳು. 'ಹೋಗಿ ಬರ್ತೀನಿ' ಅಂದ ಹಾಗೆ ಕಂಡಿತು. ಮತ್ತೆ ಆಡಿಸಿದಳು. ಈ ಸಲ, 'ಕಾಡೇ ಖಾಲಿ ಆಗುತ್ತೆ' ಅಂದ ಹಾಗೆ.