ಮುತ್ತುರಾಜನ ಬಸ್ಸಿಗೆ ಬಂದ ಹೊಸ ಸೀಟು

ಹೊಸ ಡ್ರೈವರ್ ಸೀಟು ಮೊದಲು ಮುತ್ತುರಾಜನ ಬಸ್ಸಿಗೆ ಬಂತು. ಚಳ್ಳಕೆರೆಯ ಶೆಡ್ಡಿನಲ್ಲಿ ಮೆಕ್ಯಾನಿಕ್ ನಾಲ್ಕು ಬೋಲ್ಟು ಬಿಗಿದು, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದೆ, "ಕೂತ್ಕಂಡು ನೋಡು" ಎಂದಾಗ ಮುತ್ತುರಾಜ ಹತ್ತಿ ಕೂತ. ಎರಡು ಸಲ ಮೇಲಕ್ಕೆದ್ದು ಕೂತು ಸೀಟು ಹೇಗೆ ಕುಗ್ಗುತ್ತದೆ ಎಂದು ನೋಡಿ ಮುಖವೆಲ್ಲ ನಗು ಮಾಡಿಕೊಂಡ. ಪಕ್ಕದಲ್ಲಿ ತನ್ನ ಬಸ್ಸಿನ ಟೈರಿಗೆ ಗಾಳಿ ತುಂಬಿಸುತ್ತಿದ್ದ ಹನುಮಂತರಾಯ ನೋಡಿಯೂ ನೋಡದವನಂತೆ ತಲೆ ತಗ್ಗಿಸಿದ.

ಹನುಮಂತರಾಯನಿಗೆ ಐವತ್ತರ ಹತ್ತಿರ. ತೋಟಪ್ಪ ಸಾವ್ಕಾರರಿಗೆ ಒಂದೇ ಬಸ್ಸಿದ್ದಾಗ ಸೇರಿದವನು. ಈಗ ಅವರಿಗೆ ಏಳು ಬಸ್ಸು, ಹನ್ನೊಂದು ಜನ ಡ್ರೈವರು. ಇಪ್ಪತ್ತೆರಡು ವರ್ಷದಿಂದ ಚಳ್ಳಕೆರೆ–ಮೊಳಕಾಲ್ಮೂರು ರೂಟು ಇವನದೇ. ಇವನು ಕೂರುವ ಸೀಟಿನ ಸ್ಪಂಜು ಎಂದೋ ಸವೆದು ಕಬ್ಬಿಣ ತಾಗುತ್ತಿತ್ತು. ಹೆಂಡತಿ ಪಾಪಕ್ಕ ಹಳೆಯ ಕಂಬಳಿ ಮಡಿಸಿ ಹೊಲಿದುಕೊಟ್ಟ ದಿಂಬಿನ ಮೇಲೆ ಕೂತು ಓಡಿಸುತ್ತಿದ್ದ. ಸಂಜೆ ಇಳಿದ ಮೇಲೆ ಸೊಂಟ ನೆಟ್ಟಗಾಗುವವರೆಗೆ ಬಸ್ಸಿನ ಬಾಗಿಲು ಹಿಡಿದು ನಿಲ್ಲಬೇಕಿತ್ತು. "ಸಾವ್ಕಾರ್ರೇ, ಸೊಂಟ ಹೋತು, ಒಂದು ಸೀಟು ಹಾಕಿಸ್ರಿ" ಎಂದು ನಾಲ್ಕು ವರ್ಷದಿಂದ ಕೇಳುತ್ತಲೇ ಬಂದಿದ್ದ. ತೋಟಪ್ಪ ಪ್ರತಿ ಸಲ "ನೋಡಾನ ತಡಿಯೋ ಹನುಮಂತ" ಎನ್ನುತ್ತಿದ್ದರು. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ.

ಮುತ್ತುರಾಜ ಬಂದು ಆರು ವರ್ಷ. ಪರಶುರಾಂಪುರದ ಕಡೆಯವನು, ಮೊದಲು ಟ್ರಾಕ್ಟರ್ ಓಡಿಸುತ್ತಿದ್ದವನು. ಅವನಿಗೆ ಸೀಟು!

ಆವತ್ತೇ ಮಧ್ಯಾಹ್ನ ಸಾವ್ಕಾರರು ಹನುಮಂತರಾಯನನ್ನು ಆಫೀಸಿಗೆ ಕರೆದು ಚಹಾ ತರಿಸಿದರು.

"ಆ ಮುತ್ತುರಾಜನ ತಲೆ ನೋಡು ಹನುಮಂತ, ಎಂಗೆ ಓಡ್ತೈತೆ! ಅವನ ಭಾಮೈದ ಕುದಾಪುರದ ಹತ್ರ ಹೊಸ ಸೈನ್ಸ್ ಕ್ಯಾಂಪಸ್ನಾಗೆ ಸೆಕ್ಯೂರಿಟಿ ಅಂತೆ. ಅಲ್ಲಿ ಕೆಲಸದೋರಿಗೆಲ್ಲ ಕಣ್ಣು, ರಕ್ತ ಎಲ್ಲ ನೋಡ್ತಾರಂತೆ. ನಮ್ಮಲ್ಲೂ ಮಾಡಾನ ಅಂತ ಬಂದ. ನಂಗೇನು ಲಾಭ ಅಂದೆ. ಹೋದ ವರ್ಷ ನೀವು ಹನ್ನೊಂದು ಜನ ಸೇರಿ ಮೈಗೆ ಹುಷಾರಿಲ್ಲ ಅಂತ ಇನ್ನೂರು ಚಿಲ್ಲರೆ ದಿನ ರಜ ಹಾಕೀರಂತೆ. ಅಷ್ಟು ದಿನಕ್ಕೂ ಆಕ್ಟಿಂಗ್ ಡ್ರೈವರ್‌ಗೆ ಡಬಲ್ ಕೊಟ್ಟೀನಿ. ಆ ಬದಲಿ ಬಂದೋನಿಗೆ ನಮ್ಮ ಗಾಡಿ ಗೊತ್ತಿರಲ್ಲ, ಎರಡು ಕ್ಲಚ್ ಪ್ಲೇಟ್ ಸುಟ್ಟ. ಸೊಂಟನೋವು ಅಂತ ಇಬ್ರು ಒಳ್ಳೆ ಡ್ರೈವರು ಬಿಟ್ಟೇ ಹೋದ್ರು. ಡಾಕ್ಟರು, ಸೀಟು, ಮಧ್ಯಾಹ್ನ ಅರ್ಧ ಗಂಟೆ ರೆಸ್ಟು ಎಲ್ಲ ಸೇರಿದ್ರೂ ಇದರ ಅರ್ಧ ಆಗಲ್ಲ ಸಾವ್ಕಾರ್ರೇ ಅಂದ. ಲೆಕ್ಕ ಹಾಕಿ ನೋಡ್ದೆ. ನಿಜ!"

ಹನುಮಂತರಾಯ ಚಹಾದ ಲೋಟ ಕೆಳಗಿಟ್ಟ. "ನಾನೂ ಅದನ್ನೇ ಕೇಳ್ತಿದ್ನಲ್ಲ ಸಾವ್ಕಾರ್ರೇ?"

"ನೀವೆಲ್ಲ ಬಂದು ನೋವು ನೋವು ಅಂತಿದ್ರಿ. ಅವನು ಬಂದು ನಿಮಗೆ ಲಾಸು ಅಂದ" ಎಂದು ತೋಟಪ್ಪ ನಕ್ಕರು. "ಮೊದಲ ಸೀಟು ಅವನ ಗಾಡಿಗೇ ಹಾಕಿಸ್ದೆ. ಎಲ್ಲ ನೋಡ್ಕಳ್ಳೋ ಜವಾಬ್ದಾರೀನೂ ಅವನಿಗೇ ಕೊಟ್ಟೀನಿ."

ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಂಡ. ಪಾಪಕ್ಕ ಮುದ್ದೆ ತೊಳಸುತ್ತಿದ್ದವಳು ಕೋಲು ಹಿಡಿದುಕೊಂಡೇ, "ಪುಣ್ಯಾತ್ಮ! ನಿಮ್ಮ ಸೊಂಟಕ್ಕೂ ಒಂದು ದಾರಿ ಮಾಡಿದ್ನಲ್ರೀ" ಎಂದಳು. ಅಂದು ಅವನು ಒಂದೇ ಮುದ್ದೆ ಉಂಡು ಎದ್ದ. ಸೊಂಟ ತನ್ನದು, ನೋವು ತನ್ನದು, ಕೇಳಿದ ನಾಲಿಗೆ ತನ್ನದು. ಪುಣ್ಯ ಮಾತ್ರ ಮುತ್ತುರಾಜನದು.

ಮರುದಿನ ಮೊಳಕಾಲ್ಮೂರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಹುಲಿಯಪ್ಪ ಎದುರು ಬಂದು ಕೂತ. ಅವನೂ ತೋಟಪ್ಪನವರ ಡ್ರೈವರೇ. ಗಡಿಯ ಊರಿನವನಾದ್ದರಿಂದ ಬಾಯಿ ತೆಗೆದರೆ ಮೊದಲು ತೆಲುಗೇ.

"ಏಂದನ್ನಾ ಇದಿ, ಏನಿದು? ಸೋಮವಾರ ಶೆಡ್ಡಿಗೆ ಡಾಕ್ಟರು ಬರ್ತಾರಂತೆ. ನಮ್ಮ ರಕ್ತ ಯಾಕಂತೆ ಸಾವ್ಕಾರಂಗೆ?"

ಹನುಮಂತರಾಯ ಯೋಚಿಸಿ ಹೇಳಲಿಲ್ಲ. ಮಾತು ತಾನಾಗಿ ಬಂತು. "ಯಾಕೆ ಅಂದ್ರೆ? ಯಾರ ಕಣ್ಣು ಮಂಜಾಗೈತೆ, ಯಾರಿಗೆ ಸಕ್ಕರೆ ಕಾಯಿಲೆ ಐತೆ ಅಂತ ಬರ್ಕಂಡು ಇಟ್ಕಂತಾರೆ ಕಣಲೇ. ಆಮ್ಯಾಲೆ ಒಂದು ದಿನ, ನೀನು ಮನೆಗೆ ನಡಿಯಪ್ಪ ಅಂತಾರೆ. ಆ ಪಟ್ಟಿ ಮಾಡಿಕೊಡಾಕೇ ಮುತ್ತುರಾಜ ಇರಾದು."

ಆಡಿದ ಮೇಲೆ ಅವನಿಗೇ ಅದು ನಿಜವಿರಬಹುದು ಅನ್ನಿಸಿತು. ಹುಲಿಯಪ್ಪನ ಕೈಯ ಇಡ್ಲಿ ಸಾಂಬಾರಿನಲ್ಲೇ ನಿಂತಿತು. ಸಂಜೆಯೊಳಗೆ ಈ ಮಾತು ಹನ್ನೊಂದು ಡ್ರೈವರುಗಳ ಕಿವಿಗೂ ಬಿತ್ತು.

ಸೋಮವಾರ ಡಾಕ್ಟರ ಮುಂದೆ ಬಂದು ಕೂತವರು ಮೂವರೇ. ಒಬ್ಬ ಮುತ್ತುರಾಜ, ಇನ್ನಿಬ್ಬರು ಸಾವ್ಕಾರರ ಸಂಬಂಧಿಕರೇ ಆದ ಡ್ರೈವರುಗಳು. ಡಾಕ್ಟರು ಮಧ್ಯಾಹ್ನಕ್ಕೇ ಪೆಟ್ಟಿಗೆ ಮುಚ್ಚಿ ಹೊರಟುಹೋದರು. "ಇದೇನೋ ನಿನ್ನ ಲೆಕ್ಕ?" ಎಂದು ತೋಟಪ್ಪ ಎಲ್ಲರೆದುರು ಮುತ್ತುರಾಜನನ್ನು ಗದರಿದರು. ಹನುಮಂತರಾಯನಿಗೆ ಬೇಸಿಗೆಯಲ್ಲಿ ತಣ್ಣೀರು ಕುಡಿದಷ್ಟು ಹಿತವಾಯಿತು.

ಸಂಜೆ ಮುತ್ತುರಾಜ ಅವನ ಬಸ್ಸಿನ ಹತ್ತಿರ ಬಂದ.

"ರಾಯಣ್ಣ, ನೀವು ಹಿರೇರು. ನೀವು ಮೊದಲು ಕೂತ್ರೆ ಎಲ್ರೂ ಬರ್ತಾರೆ. ಮುಂದಿನ ಸಲ ಬರ್ರಿ."

"ನಂಗೇನು ರೋಗ ಐತೆ ಅಂತ ಬರ್ಲೋ?"

ಮುತ್ತುರಾಜ ಆಚೀಚೆ ನೋಡಿ ದನಿ ತಗ್ಗಿಸಿದ. "ನಂಗೂ ಏನೂ ಇಲ್ಲ ಅಂತಾನೇ ಅಂದ್ಕಂಡಿದ್ದೆ. ಬಿ.ಪಿ. ಐತೆ ಅಂದ್ರು. ದಿನಾ ಒಂದು ಮಾತ್ರೆ ತಗಂಡ್ರೆ ಸಾಕು, ಗಾಡಿ ಓಡಿಸಬಹುದು ಅಂತ ಚೀಟಿ ಕೊಟ್ಟವ್ರೆ. ಮನೆಯಾಗೂ ಹೇಳಿಲ್ಲ. ನಿಮಗೊಬ್ರಿಗೇ ಹೇಳ್ತಿರಾದು, ಹೆದರಬೇಡ್ರಿ ಅಂತ."

ಆ ಮಾತು ಎರಡು ದಿನ ಹನುಮಂತರಾಯನ ಹೊಟ್ಟೆಯಲ್ಲಿತ್ತು. ಮೂರನೇ ದಿನ ಆಫೀಸಿಗೆ ಹೋಗಿ, "ಹೇಳಬಾರದು, ಆದರೂ ಹೇಳ್ತೀನಿ ಸಾವ್ಕಾರ್ರೇ. ಮುತ್ತುರಾಜಂಗೇ ಬಿ.ಪಿ. ಐತೆ. ಹಿಂದೆ ಅರವತ್ತು ಜನ ಕೂತಿರ್ತಾರೆ. ನಂಗ್ಯಾಕೋ ಭಯ" ಎಂದ. ಹೇಳುವಾಗ ಅವನ ದನಿ ನಿಜವಾಗಿಯೂ ನಡುಗಿತು. ಚೀಟಿಯ ವಿಷಯ ಮಾತ್ರ ಬಾಯಿಗೆ ಬರಲಿಲ್ಲ.

ತೋಟಪ್ಪ ಗಾಬರಿಯಾದರು. ಮರುದಿನದಿಂದ ಮುತ್ತುರಾಜ ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್. ಯಾವ ಬಸ್ಸು ಯಾವಾಗ ಬಿಡಬೇಕೆಂದು ವಿಸಿಲ್ ಊದುವ ಕೆಲಸ. ಚೀಟಿ ತೋರಿಸಿದರೂ ಸಾವ್ಕಾರರು ಕೇಳಲಿಲ್ಲ. ಡಾಕ್ಟರನ್ನು ಕರೆಸುವುದೂ ನಿಂತಿತು. "ಒಳ್ಳೆ ಡ್ರೈವರೊಬ್ಬನನ್ನ ಕಳಕೊಂಡಿದ್ದೇ ಲಾಭ" ಎಂದು ಗೊಣಗಿದರು. ಮೊಳಕಾಲ್ಮೂರು ಬಸ್ಸು ಹುಲಿಯಪ್ಪನಿಗೆ ಹೋಯಿತು. ಮುತ್ತುರಾಜ ಓಡಿಸುತ್ತಿದ್ದ ಪರಶುರಾಂಪುರದ ಬಸ್ಸು, ಅದರ ಹೊಸ ಸೀಟಿನ ಸಮೇತ, ಹನುಮಂತರಾಯನಿಗೆ ಬಂತು.

ಸೀಟು ಚೆನ್ನಾಗಿಯೇ ಇತ್ತು. ವಾರ ಕಳೆಯುವಷ್ಟರಲ್ಲಿ ಸೊಂಟದ ನೋವು ಅರ್ಧಕ್ಕಿಳಿಯಿತು. ಆದರೆ ಆ ರೂಟಿನ ಪ್ಯಾಸೆಂಜರುಗಳು ಬೆಳಿಗ್ಗೆ ಹತ್ತುವಾಗಲೇ, "ಮುತ್ತುರಾಜ ಎಲ್ಲಿ? ಮುತ್ತುರಾಜಂಗೆ ಏನಾತು?" ಎಂದು ಕೇಳುತ್ತಿದ್ದರು. ಸೊಪ್ಪಿನ ಬುಟ್ಟಿ ಹೊತ್ತು ಸಂತೆಗೆ ಬರುವ ಸೂರಮ್ಮನೆಂಬ ಮುದುಕಿ ಬಾಗಿಲಲ್ಲೇ ನಿಂತು, "ಅವನು ಇಳಿದು ಬಂದು ಬುಟ್ಟಿ ಎತ್ತಿಡ್ತಿದ್ನಪ್ಪಾ" ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಯಾರ ಬುಟ್ಟಿಯನ್ನೂ ಮುಟ್ಟದ ಹನುಮಂತರಾಯ ಮರುದಿನ ಇಳಿದು ಹೋಗಿ ಎತ್ತಿಟ್ಟ. "ಅವನು ಇನ್ನೂ ಮೆತ್ತಗೆ ಇಡ್ತಿದ್ದ" ಎಂದಳು ಸೂರಮ್ಮ. ಊರಿಗೆಲ್ಲ ಏನು ಮದ್ದು ಹಾಕಿದ್ದಾನೆ ಇವನು ಎಂದು ಹನುಮಂತರಾಯ ಹಲ್ಲು ಕಡಿದ.

ಆ ದಿನಗಳಲ್ಲಿ ಅವನಿಗೆ ವಿಪರೀತ ದಾಹ. ಎರಡು ಲೀಟರ್ ಬಾಟಲಿ ಒಂದೇ ಟ್ರಿಪ್ಪಿಗೆ ಖಾಲಿಯಾಗುತ್ತಿತ್ತು. ದಾರಿಯಲ್ಲಿ ಎರಡು ಕಡೆ ಬಸ್ಸು ನಿಲ್ಲಿಸಿ ಇಳಿಯಬೇಕಾಗುತ್ತಿತ್ತು. ಮುಂದಿನ ಗಾಜು ಯಾವಾಗಲೂ ಮಬ್ಬಾಗಿ ಕಾಣುತ್ತಿತ್ತು. ಧೂಳೆಂದುಕೊಂಡು ದಿನಕ್ಕೆ ನಾಲ್ಕು ಸಲ ಒರೆಸುತ್ತಿದ್ದ.

ಒಂದು ಸಂಜೆ ಪರಶುರಾಂಪುರದಿಂದ ವಾಪಸು ಬರುವಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ರಸ್ತೆಯ ಮೇಲೆ ಮುಂದೆ ಕಂದು ಬಣ್ಣದ್ದೇನೋ ಕಂಡಿತು. ಎದ್ದ ಧೂಳೆಂದುಕೊಂಡ. ಕಂಡಕ್ಟರ್ "ಅಣ್ಣಾ, ಕುರಿ! ಕುರಿ!" ಎಂದು ಕಿರುಚಿದಾಗ ಅದು ಒಂದು ಇಡೀ ಮಂದೆಯಾಗಿ ಕಣ್ಣೆದುರಿಗೆ ಬಂದುಬಿಟ್ಟಿತು. ಬ್ರೇಕಿನ ಮೇಲೆ ಎದ್ದು ನಿಂತ. ಬಸ್ಸು ಕಿರ್ರೆಂದು ಜಾರಿ, ಮಂದೆಯ ಅಂಚಿಗೆ ಒಂದು ಮೊಳ ಬಾಕಿ ಇದ್ದಂತೆ ನಿಂತಿತು. ಕುರಿ ಕಾಯುವವನು ರಸ್ತೆಯಲ್ಲೇ ಬಿದ್ದುಕೊಂಡಿದ್ದ. ಬಸ್ಸು ತಾಗಿರಲಿಲ್ಲ, ಹೆದರಿ ಬಿದ್ದಿದ್ದ. ಎದ್ದು ಬಂದು ಬಾನೆಟ್ಟಿನ ಮೇಲೆ ಕೋಲಿನಿಂದ ಬಾರಿಸಿದ.

"ಕಣ್ಣಿಲ್ವೇನಲೇ ನಿಂಗೆ? ಮುತ್ತುರಾಜ ಆಗಿದ್ರೆ ಅಷ್ಟು ದೂರದಿಂದ್ಲೇ ನಿಲ್ಲಿಸ್ತಿದ್ದ!"

ಇಲ್ಲೂ ಮುತ್ತುರಾಜ. ಆದರೆ ಈ ಸಲ ಹನುಮಂತರಾಯನಿಗೆ ಸಿಟ್ಟು ಬರಲಿಲ್ಲ. ಬಟ್ಟೆ ತೆಗೆದುಕೊಂಡು ಗಾಜನ್ನು ಮತ್ತೊಮ್ಮೆ ಒರೆಸಿ ನೋಡಿದ. ಗಾಜಿನ ಮಬ್ಬು ಗಾಜಿನದಲ್ಲ ಎಂಬುದು ಆಗ ತಿಳಿಯಿತು.

ಅತ್ತ ಇತ್ತ ನೋಡಿಕೊಂಡು ನಿಧಾನಕ್ಕೆ ಚಳ್ಳಕೆರೆ ಮುಟ್ಟಿಸಿದ. ಸ್ಟ್ಯಾಂಡಿನಲ್ಲಿ ವಿಸಿಲ್ ಹಿಡಿದು ನಿಂತಿದ್ದ ಮುತ್ತುರಾಜನ ಮುಂದೆ ಹೋಗಿ ನಿಂತ.

"ನಿನ್ನ ವಿಷಯ ಸಾವ್ಕಾರ್ರಿಗೆ ಹೇಳಿದ್ದು ನಾನೇ ಕಣಪ್ಪ."

"ಗೊತ್ತು. ನಿಮಗೊಬ್ರಿಗೇ ತಾನೇ ನಾನು ಹೇಳಿದ್ದು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಸುಮ್ಮನೆ ಎಲ್ಲಿದ್ದೆ? ನನ್ನ ಗಾಡೀಲಿ, ನನ್ನ ಸೀಟ್ನಾಗೆ ನೀವು ಕೂತು ಹೋಗಾದು ದಿನಕ್ಕೆ ಆರು ಸಲ ನೋಡ್ತಿದ್ದೆ. ವಿಸಿಲ್ ಊದಿ ಕಳಿಸಬೇಕಿತ್ತು ಬೇರೆ. ಹೊಟ್ಟೆ ಉರೀತಿತ್ತು ರಾಯಣ್ಣ" ಎಂದ ಮುತ್ತುರಾಜ. ನಗಲಿಲ್ಲ. ಆಮೇಲೆ ಅವನ ಮುಖ ನೋಡಿ, "ಯಾಕೆ, ಏನಾತು?" ಎಂದ.

ಕುರಿಗಳ ವಿಷಯ ಕೇಳಿದ ಮೇಲೆ ಮತ್ತೊಂದು ಮಾತಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಸಕ್ಕರೆ ಮುನ್ನೂರ ಎಂಬತ್ತಿತ್ತು. "ಸಕ್ಕರೆ ಇಳಿದ್ರೆ ಕಣ್ಣು ತಿಳಿಯಾಗುತ್ತೆ. ಅಲ್ಲಿವರೆಗೆ ಸ್ಟೇರಿಂಗ್ ಮುಟ್ಟಬೇಡಿ" ಎಂದರು ಡಾಕ್ಟರು. ಹನುಮಂತರಾಯನಿಗೆ ಮುದ್ದೆ ತೊಳಸುತ್ತಿರುವ ಪಾಪಕ್ಕನ ನೆನಪಾಗಿ ಕಣ್ಣು ಇನ್ನಷ್ಟು ಮಂಜಾಯಿತು.

ಮರುದಿನ ಬೆಳಿಗ್ಗೆ ಇಬ್ಬರೂ ಆಫೀಸಿಗೆ ಹೋದರು. ಹನುಮಂತರಾಯ ಎಲ್ಲವನ್ನೂ ಹೇಳಿಬಿಟ್ಟ. ಮೊಳಕಾಲ್ಮೂರಿನ ಹೋಟೆಲಿನಲ್ಲಿ ಆಡಿದ್ದನ್ನೂ, ಚೀಟಿಯ ಮಾತು ಮುಚ್ಚಿಟ್ಟಿದ್ದನ್ನೂ. ಕೊನೆಗೆ, "ಇಪ್ಪತ್ತೆರಡು ವರ್ಷ ದುಡಿದೀನಿ ಸಾವ್ಕಾರ್ರೇ, ಕೈ ಬಿಡಬೇಡ್ರಿ" ಎಂದ. ತೋಟಪ್ಪ "ನೋಡಾನ" ಎಂದರು.

ಆಗ ಮುತ್ತುರಾಜ ಬಾಯಿ ಬಿಟ್ಟ. "ಆ ಕುರಿಮಂದೆ ಮೇಲೆ ಗಾಡಿ ಹತ್ತಿದ್ರೆ ಎಷ್ಟು ಕಟ್ಟಿಕೊಡಬೇಕಿತ್ತು? ಕುರಿ ಕಾಯೋನೇ ಹೋಗಿದ್ರೆ? ಅವತ್ತು ಡಾಕ್ಟರ ಮುಂದೆ ಕೂತಿದ್ರೆ ರಾಯಣ್ಣ ಆಗಲೇ ಮಾತ್ರೆ ನುಂಗ್ತಿದ್ರು, ಒಂದು ದಿನಾನೂ ರಜ ಇರ್ತಿರಲಿಲ್ಲ. ಮೊಳಕಾಲ್ಮೂರು ರೂಟ್ನಾಗೆ ಇವರಷ್ಟು ಡೀಸೆಲ್ ಉಳಿಸೋರು ಯಾರವ್ರೆ? ಹೊಸಬನ್ನ ತಂದು ಅದನ್ನ ಕಲಿಸಾಕೆ ಎಷ್ಟು ವರ್ಷ ಬೇಕು, ಹೇಳ್ರಿ."

ತೋಟಪ್ಪ ಗಡ್ಡ ಕೆರೆದುಕೊಂಡರು. ಅವರ ತಲೆಯೊಳಗೆ ಲೆಕ್ಕ ಓಡುವುದು ಮುಖದಲ್ಲೇ ಕಾಣುತ್ತಿತ್ತು. ಹನುಮಂತರಾಯನಿಗೆ ಮುತ್ತುರಾಜನ ಕಾಲು ಹಿಡಿಯೋಣ ಅನ್ನಿಸಿತು. ಅದೇ ಹೊತ್ತಿಗೆ ಹಳೆಯ ಹೊಟ್ಟೆಕಿಚ್ಚೂ ಎದ್ದಿತು. ಎರಡು ದಶಕದ ಬೆವರಿಗೆ ತೆರೆಯದ ಬಾಗಿಲು ಇವನ ನಾಲ್ಕು ಮಾತಿಗೆ ಹೇಗೆ ತೆರೆಯುತ್ತದೆ?

"ಕ್ಯಾಂಪು ಮತ್ತೆ ಮಾಡಿದ್ರೂ ಯಾರು ಬರ್ತಾರೋ?" ಎಂದರು ತೋಟಪ್ಪ.

ಈ ಮಾತಿಗೆ ಉತ್ತರ ಹನುಮಂತರಾಯನ ಹತ್ತಿರ ಇತ್ತು. ಭಯ ಬಿತ್ತಿದವನು ಅವನೇ ತಾನೇ?

"ಏನು ಕಾಯಿಲೆ ಬಂದ್ರೂ ಯಾರ ಕೆಲಸಾನೂ ಹೋಗಲ್ಲ ಅಂತ ನೀವೇ ಎಲ್ಲರ ಮುಂದೆ ನಿಂತು ಹೇಳ್ಬೇಕು ಸಾವ್ಕಾರ್ರೇ. ನನ್ನೂ ಮುತ್ತುರಾಜನ್ನೂ ಪಕ್ಕದಾಗೆ ನಿಲ್ಲಿಸ್ಕಂಡು ಹೇಳ್ರಿ. ಚೀಟಿ ಡ್ರೈವರ್ ಕೈಯಾಗೇ ಇರ್ಲಿ, ಆಫೀಸಿಗೆ ಬ್ಯಾಡ. ಗಾಡಿ ಹತ್ತಬಹುದೋ ಇಲ್ವೋ ಅನ್ನಾದು ಡಾಕ್ಟರು ಹೇಳ್ಲಿ. ಆಗ ಬರ್ತಾರೆ."

ತೋಟಪ್ಪ ಅವನನ್ನೇ ನೋಡಿದರು. "ಇದು ಮಾತು" ಎಂದರು.

ಅಷ್ಟು ಸಾಕಾಗಿತ್ತು ಹನುಮಂತರಾಯನಿಗೆ. ಓರೆಗಣ್ಣಲ್ಲಿ ಮುತ್ತುರಾಜನಿಗೆ ಹೇಗನ್ನಿಸಿತೆಂದು ನೋಡಿದ.

ಮುಂದಿನ ಕ್ಯಾಂಪಿಗೆ ಒಂಬತ್ತು ಜನ ಬಂದರು. ಎಲ್ಲರಿಗಿಂತ ಮೊದಲು ಹನುಮಂತರಾಯ ತೋಳು ಮಡಿಚಿ ಕೂತ. ಹುಲಿಯಪ್ಪನಿಗೆ ಕನ್ನಡಕ ಬಂತು. ಮುತ್ತುರಾಜ ಪರಶುರಾಂಪುರದ ಬಸ್ಸಿಗೆ ಮರಳಿದ. ಹನುಮಂತರಾಯ ಒಂದೂವರೆ ತಿಂಗಳು ವಿಸಿಲ್ ಊದುತ್ತಾ, ಬೆಳಿಗ್ಗೆ ನಡೆಯುತ್ತಾ, ಪಾಪಕ್ಕ ಅಳತೆ ಮಾಡಿ ಹಾಕಿದ ಸಣ್ಣ ಮುದ್ದೆಯನ್ನು ಬೈದುಕೊಂಡು ಉಣ್ಣುತ್ತಾ ಕಳೆದ. ಸಕ್ಕರೆ ಇಳಿಯಿತು, ಕಣ್ಣು ತಿಳಿಯಾಯಿತು, ಡಾಕ್ಟರು ಗಾಡಿ ಹತ್ತಬಹುದೆಂದು ಚೀಟಿ ಬರೆದರು.

ಚೀಟಿ ಜೇಬಿಗಿಟ್ಟುಕೊಂಡು ಎದ್ದವನು ಬಾಗಿಲಲ್ಲಿ ನಿಂತ. ಬಿ.ಪಿ. ನೋಡುವ ಸಿಸ್ಟರಮ್ಮನ ಕಡೆ ಬಗ್ಗಿ ಮೆಲ್ಲಗೆ ಕೇಳಿದ.

"ಸಿಸ್ಟರಮ್ಮ, ನನ್ನ ಬಿ.ಪಿ. ನೂರ ಇಪ್ಪತ್ತೆಂಟು ಅಂದ್ರಲ್ಲ, ಮುತ್ತುರಾಜಂದು ಎಷ್ಟು ಬಂತು?"

"ಒಬ್ಬರದು ಇನ್ನೊಬ್ಬರಿಗೆ ಹೇಳಬಾರದಂತೆ. ನೀವೇ ಮಾಡಿಸಿದ ನಿಯಮ ಅಂತಲ್ಲ?" ಎಂದಳು ಆಕೆ.

ಹನುಮಂತರಾಯ ಹೊರಗೆ ಬಂದ. ಅವನಿಗೇ ಮರಳಿ ಸಿಕ್ಕಿದ್ದ ಮೊಳಕಾಲ್ಮೂರಿನ ಟ್ರಿಪ್ಪಿಗೆ ಇನ್ನೂ ಅರ್ಧ ಗಂಟೆಯಿತ್ತು. ಮುತ್ತುರಾಜ ಬೆಳಿಗ್ಗೆ ಎಷ್ಟು ದೂರ ನಡೆಯುತ್ತಾನೆಂದು ಯಾರನ್ನು ಕೇಳುವುದು ಎಂದು ಯೋಚಿಸುತ್ತಾ ಸ್ಟ್ಯಾಂಡಿನ ಕಡೆ ಬಿರಬಿರನೆ ಹೆಜ್ಜೆ ಹಾಕಿದ.